ಅನ್ನ ತಿಂದ್ರೆ ಏನಾಗುತ್ತೆ?

ನಮ್ಮದು ಪುತ್ತೂರಿನ ಹತ್ತಿರದ ಹಳ್ಳಿ. ಗೇರುಬೀಜದ ಸೀಮೆ. ದೇಶದ ಗೇರು ಸಂಶೋಧನಾ ನಿರ್ದೇಶನಾಲಯ ಇರುವುದೂ ಪುತ್ತೂರಿನಲ್ಲೇ. ಮಾರ್ಚ್, ಏಪ್ರಿಲ್ ಬಂತೆಂದರೆ ಗುಡ್ಡೆಯಿಡೀ ಗೇರುಹಣ್ಣಿನ ವಾಸನೆ. ಮದುವೆ ಊಟದಲ್ಲಿ ತೊಂಡೆಕಾಯಿ ಪಲ್ಯಕ್ಕೆ ಬೀಜ ಬೀಳದಿದ್ದರೆ "ಎಂತ ಪಿಟ್ಟಾಸಿ ಮಾರಾಯ" ಅಂತ ಕೈ ತೊಳೆಯುವಲ್ಲೇ ಮಾತು ಶುರುವಾಗುತ್ತದೆ. ನಮ್ಮಲ್ಲಿ ಅದನ್ನು ಗೋಡಂಬಿ ಅಂತ ಯಾರೂ ಕರೆಯುವುದಿಲ್ಲ. ಗೇರುಬೀಜ, ಇಲ್ಲವೇ ಬರೀ ಬೀಜ. ಉಳಿದ ಬೀಜಗಳಿಗೆ ಹಿಂದೆ ಒಂದು ಹೆಸರು ಸೇರಿಸಬೇಕು. ಇದಕ್ಕೆ ಬೇಡ.

ಅಂಥ ಮನೆಯ ಮೊಮ್ಮಗಳಿಗೆ, ನನ್ನ ಮಗಳು ಪುಟ್ಟಿಗೆ, ಬೀಜವೇ ಆಗುವುದಿಲ್ಲ ಅಂತ ಗೊತ್ತಾಗಿದ್ದು ಅವಳಿಗೆ ಹದಿನಾಲ್ಕು ತಿಂಗಳಾಗಿದ್ದಾಗ.

ಊರಲ್ಲಿ ಸತ್ಯನಾರಾಯಣ ಪೂಜೆ. ಅಮ್ಮ ಪಾಯಸದಿಂದ ಒಂದು ಚೂರು ಬೀಜ ತೆಗೆದು, ಬೆರಳಲ್ಲಿ ಹಿಸುಕಿ, ಪುಟ್ಟಿಯ ಬಾಯಿಗಿಟ್ಟಳು. ಪುಟ್ಟಿ ಎರಡು ಸಲ ಚಪ್ಪರಿಸಿದಳು. ಮತ್ತೆ ಕೊಡಲು ಹೋದರೆ ಮುಖ ತಿರುಗಿಸಿದಳು. ಹತ್ತು ನಿಮಿಷ ಆಗಿರಲಿಕ್ಕಿಲ್ಲ, ಬಾಯಿಯ ಸುತ್ತ ಕೆಂಪು. ಆಮೇಲೆ ಹೊಟ್ಟೆ, ಬೆನ್ನು, ತೊಡೆ. ಸೊಳ್ಳೆ ಕಚ್ಚಿದ ಹಾಗೆ ಎದ್ದ ದದ್ದುಗಳು ನೋಡನೋಡುತ್ತಿದ್ದಂತೆ ಒಂದಕ್ಕೊಂದು ಕೂಡಿಕೊಂಡವು. "ಪಿತ್ತದ ಗಂಧೆ, ಹೆದರ್ಬೇಡಿ" ಅಂದರು ದೊಡ್ಡಮ್ಮ. ಅಮ್ಮ ಪುನರ್ಪುಳಿ ನೆನೆಹಾಕಲು ಒಳಗೆ ಓಡಿದಳು. ಅಷ್ಟರಲ್ಲಿ ವಾಂತಿ. ಹಿಂದೆಯೇ ಕೆಮ್ಮು. ಕೆಮ್ಮಿನ ನಡುವೆ ಸೀಟಿ ಹೊಡೆದಂಥ ಸಣ್ಣ ಶಬ್ದ.

ಆ ಶಬ್ದ ಕೇಳಿದ ಮೇಲೆ ನಾನು ಕಾರಿನ ಕೀ ಹುಡುಕಿದ್ದು ನೆನಪಿದೆ. ದಾರಿ ನೆನಪಿಲ್ಲ.

ಹತ್ತಿರದ ಒಂದು ಆಸ್ಪತ್ರೆಯಲ್ಲಿ ಎರಡು ಇಂಜೆಕ್ಷನ್ ಕೊಟ್ಟರು. ಸ್ವಲ್ಪ ಹೊತ್ತಿಗೆ ದದ್ದು ಇಳಿಯಿತು, ಮಗು ನಿದ್ದೆ ಹೋಯಿತು. ರಾತ್ರಿ ಮನೆಗೆ ಕಳಿಸಿದರು. ಚೀಟಿಯಲ್ಲಿ 'ಫುಡ್ ಅಲರ್ಜಿ' ಅಂತ ಎರಡೇ ಶಬ್ದ. ಯಾವ ಫುಡ್ಡು ಅಂತ ಇರಲಿಲ್ಲ. ಮುಂದೆ ಎಂತ ಮಾಡಬೇಕು ಅಂತಲೂ ಇರಲಿಲ್ಲ.

ಬೆಂಗಳೂರಿಗೆ ವಾಪಸ್ ಬಂದು ನಾವು ಮಾಡಿದ್ದು ದಡ್ಡತನ. ಆಗ ಅದು ಬುದ್ಧಿವಂತಿಕೆ ಅನ್ನಿಸಿತ್ತು. ಒಂದು ಲ್ಯಾಬಿನವರನ್ನು ಮನೆಗೆ ಕರೆಸಿ ದೊಡ್ಡ 'ಅಲರ್ಜಿ ಪ್ಯಾಕೇಜ್' ಮಾಡಿಸಿದೆವು. ಒಂದೇ ಸಲ ರಕ್ತ ಕೊಟ್ಟರೆ ಸಾಕು, ಹತ್ತಾರು ಪದಾರ್ಥಗಳ ಜಾತಕ ಬರುತ್ತದೆ. ರಿಪೋರ್ಟು ಬಂತು. 0.35 ಅನ್ನುವ ಗಡಿ ದಾಟಿದ್ದಕ್ಕೆಲ್ಲ ಕೆಂಪು ಅಕ್ಷರ. ಗೇರುಬೀಜ ಇತ್ತು, ಸರಿ. ಜೊತೆಗೆ ಅಕ್ಕಿ, ಗೋಧಿ, ತೊಗರಿಬೇಳೆ, ಟೊಮೆಟೊ, ಬದನೆ, ಹಾಲು, ಎಳ್ಳು, ನೆಲಗಡಲೆ, ಬಾಳೆಹಣ್ಣು. ನನ್ನ ಹೆಂಡತಿ ಅದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ಅಕ್ಕಿಯೇ ಇಲ್ಲದ ಮೇಲೆ ಮಗುವಿಗೆ ಎಂತ ಕೊಡುವುದು? ರಾಗಿ, ಸಾಬಕ್ಕಿ, ಆಲೂಗಡ್ಡೆ, ಬೇಯಿಸಿದ ಸೇಬು. ಮರುದಿನ ಮತ್ತೆ ರಾಗಿ.

ಏಳು ತಿಂಗಳು ಹೀಗೇ ನಡೆಯಿತು. ಪುಟ್ಟಿಯ ತೂಕ ಏರುವುದು ನಿಂತಿತು. ಪಕ್ಕದ ಮನೆಗೆ ಹೋದರೆ ಅವರ ತಟ್ಟೆಯ ಅನ್ನಕ್ಕೆ ಕೈ ಹಾಕುತ್ತಿದ್ದಳು, ನಾವು ಕೈ ಹಿಡಿದು ಎಳೆದುಕೊಳ್ಳುತ್ತಿದ್ದೆವು. ಅದನ್ನು ನೆನೆದರೆ ಇವತ್ತಿಗೂ ನನಗೆ ನಾಚಿಕೆಯಾಗುತ್ತದೆ.

ಕೊನೆಗೆ ನಮ್ಮ ಮಕ್ಕಳ ಡಾಕ್ಟರೇ ಒಬ್ಬರ ಹೆಸರು ಬರೆದುಕೊಟ್ಟರು. ಮಕ್ಕಳ ಅಲರ್ಜಿ ಮತ್ತು ಇಮ್ಯುನಾಲಜಿ, ಅಂದರೆ ರೋಗನಿರೋಧಕ ಶಕ್ತಿಯ, ತಜ್ಞೆ. ಅಂಥದ್ದೊಂದು ವಿಭಾಗ ಇದೆ ಅಂತಲೇ ನಮಗೆ ಗೊತ್ತಿರಲಿಲ್ಲ. ಮಕ್ಕಳ ವೈದ್ಯಕೀಯದಲ್ಲಿ ಎಂಡಿ ಮುಗಿಸಿ, ಅದರ ಮೇಲೆ ಮತ್ತೆ ಕೆಲವು ವರ್ಷ ಇದನ್ನೇ ಕಲಿತು ಬರುವವರು ಇವರು. ಚಂಡೀಗಢದ ಪಿಜಿಐನಲ್ಲಿ ಮಕ್ಕಳ ಇಮ್ಯುನಾಲಜಿಗೆ ಡಿಎಂ ಕೋರ್ಸ್ ಇದೆ. ದೇಶದಲ್ಲಿ ಇಂಥವರು ಕಡಿಮೆ. ಹಾಗಾಗಿ ಅವರ ಕೋಣೆಯ ಹೊರಗಿನ ಬೆಂಚಿನಲ್ಲಿ ಬಳ್ಳಾರಿಯವರೂ ಇದ್ದರು, ಅನಂತಪುರದವರೂ ಇದ್ದರು.

ನಾನು ಫೈಲು ಮುಂದಿಟ್ಟೆ, ಕೆಂಪಕ್ಷರದ ರಿಪೋರ್ಟು ಎಲ್ಲಕ್ಕಿಂತ ಮೇಲೆ ಕಾಣುವ ಹಾಗೆ. ಡಾಕ್ಟರು ಅದನ್ನು ತೆಗೆದು ಪಕ್ಕಕ್ಕಿಟ್ಟರು. "ಇದನ್ನ ಆಮೇಲೆ ನೋಡೋಣ. ಮೊದಲು ಆ ದಿನದ ಕಥೆ ಹೇಳಿ" ಅಂದರು.

ಎಷ್ಟು ಗಂಟೆಗೆ ತಿಂದಳು, ಎಷ್ಟು ತಿಂದಳು, ಮೊದಲು ಕೆಂಪಾಗಿದ್ದು ಎಲ್ಲಿ, ವಾಂತಿ ಮೊದಲಾ ಕೆಮ್ಮು ಮೊದಲಾ, ಬೀಜ ಹಸಿಯದಾ ಹುರಿದದ್ದಾ, ಪಾಯಸದಲ್ಲಿ ಇನ್ನೇನಿತ್ತು, ಅದಕ್ಕೂ ಹಿಂದೆ ಬೀಜ ತಿಂದಿದ್ದಳಾ, ಹುಟ್ಟಿದಾಗಿನಿಂದ ಚರ್ಮ ಒಣಗಿ ಒಡೆಯುತ್ತಿತ್ತಾ. ಕೇಳುತ್ತಾ ಹೋದರು, ಬರೆಯುತ್ತಾ ಹೋದರು. ನಮ್ಮ ಸರದಿಗೆ ಮುಂಚೆ ಒಳಗೆ ಹೋದವರು ಯಾಕೆ ಅಷ್ಟು ಹೊತ್ತು ಬರಲಿಲ್ಲ ಅಂತ ನನಗೆ ಆಗ ಅರ್ಥವಾಯಿತು. ಹೊರಗೆ ಕೂತು ಗೊಣಗಿದ್ದೆ, ಸುಳ್ಳು ಯಾಕೆ.

ಪುತ್ತೂರಿನ ಚೀಟಿ ಓದುವಾಗ ಒಂದು ಕಡೆ ಅವರ ಪೆನ್ನು ನಿಂತಿತು. "ಅಡ್ರಿನಲಿನ್ ಕೊಟ್ಟಿಲ್ಲ" ಅಂದರು. ಯಾರನ್ನೂ ಬೈಯಲಿಲ್ಲ. "ದದ್ದು, ವಾಂತಿ, ಉಸಿರಿನ ಸೀಟಿ ಮೂರೂ ಒಟ್ಟಿಗೆ ಬಂದಿದೆ. ಇದಕ್ಕೆ ಅನಾಫಿಲಾಕ್ಸಿಸ್ ಅಂತೀವಿ. ಇನ್ನೊಂದು ಸಲ ಆದ್ರೆ ಮೊದಲು ಅಡ್ರಿನಲಿನ್, ತೊಡೆಗೆ. ಉಳಿದಿದ್ದೆಲ್ಲ ಆಮೇಲೆ. ತುರಿಕೆ ಔಷಧಿಯಿಂದ ತುರಿಕೆ ಕಡಿಮೆ ಆಗುತ್ತೆ, ಉಸಿರಾಟದ ದಾರಿ ತೆರೆಯಲ್ಲ."

ಆಮೇಲೆ ಆ ರಿಪೋರ್ಟು ಕೈಗೆತ್ತಿಕೊಂಡರು. ಮೇಜಿನ ಮೇಲಿನ ಪೆನ್ಸಿಲ್ ತೆಗೆದರು.

"ಅನ್ನ ತಿಂದ್ರೆ ಏನಾಗುತ್ತೆ?"

"ಕೊಡ್ತಾ ಇಲ್ಲ ಮೇಡಂ, ನಿಲ್ಲಿಸಿದೀವಿ" ಅಂದಳು ನನ್ನ ಹೆಂಡತಿ.

"ನಿಲ್ಲಿಸೋಕೆ ಮುಂಚೆ?"

"ದಿನಾ ಎರಡು ಹೊತ್ತೂ ತಿಂತಿದ್ಲು."

"ತಿಂದ್ರೆ ಏನಾಗ್ತಿತ್ತು?"

ನನ್ನ ಹೆಂಡತಿ ಒಂದು ಕ್ಷಣ ನನ್ನ ಮುಖ ನೋಡಿದಳು. "ಏನೂ ಆಗ್ತಿರಲಿಲ್ಲ. ಇನ್ನೂ ಬೇಕು ಅಂತಿದ್ಲು."

ಡಾಕ್ಟರು ಅಕ್ಕಿಯ ಮೇಲೆ ಗೆರೆ ಎಳೆದರು. ತೊಗರಿಬೇಳೆ? ಆರು ತಿಂಗಳ ಕೂಸಾಗಿದ್ದಾಗಿಂದ ತಿಂತಿದ್ಲು. ಗೆರೆ. ಟೊಮೆಟೊ? ಸಾರಿನಲ್ಲಿ ಇರುತ್ತಿತ್ತು. ಗೆರೆ. ಹಾಲು, ಗೋಧಿ, ಬಾಳೆಹಣ್ಣು. ಗೆರೆ, ಗೆರೆ, ಗೆರೆ. ಏಳು ತಿಂಗಳು ನಮ್ಮ ಮನೆಯನ್ನು ಆಳಿದ ಹಾಳೆ ಐದು ನಿಮಿಷದಲ್ಲಿ ಖಾಲಿಯಾಯಿತು. ನನ್ನ ಹೆಂಡತಿ ಅತ್ತುಬಿಟ್ಟಳು. ಡಾಕ್ಟರು ಟಿಶ್ಯೂ ಡಬ್ಬಿಯನ್ನು ಮುಂದೆ ತಳ್ಳಿದರು, ನೋಡದೆಯೇ. ಆ ಡಬ್ಬಿ ಅಲ್ಲಿ ಸುಮ್ನೆ ಇಟ್ಟದ್ದಲ್ಲ ಅಂತ ಆಗ ಗೊತ್ತಾಯಿತು.

"ರಕ್ತದಲ್ಲಿ ಐಜಿಇ ಅನ್ನೋ ಪ್ರತಿಕಾಯ ಕಾಣಿಸಿದ್ರೆ ಆ ಪದಾರ್ಥದ ಪರಿಚಯ ಇದೆ ಅಂತ ಅರ್ಥ. ಜಗಳ ಇದೆ ಅಂತಲ್ಲ. ಜಗಳ ಇದೆಯಾ ಇಲ್ವಾ ಅನ್ನೋದನ್ನ ನೀವು ಹೇಳಬೇಕು, ಲ್ಯಾಬಲ್ಲ."

ಇದು ಅವರು ಸಮಾಧಾನಕ್ಕೆ ಹೇಳಿದ ಮಾತಲ್ಲ. ಆಮೇಲೆ ನಾನೇ ಹುಡುಕಿ ಓದಿದೆ. ನಮ್ಮ ಕರ್ನಾಟಕದಲ್ಲೇ ವಯಸ್ಕರ ಮೇಲೆ ಒಂದು ದೊಡ್ಡ ಅಧ್ಯಯನ ನಡೆದಿದೆ, ಯುರೋಪ್ರಿವಾಲ್ ಯೋಜನೆಯ ಭಾಗವಾಗಿ. 2016ರಲ್ಲಿ ಪ್ರಕಟವಾಯಿತು. ಪರೀಕ್ಷೆ ಮಾಡಿದವರಲ್ಲಿ 26.5% ಜನರ ರಕ್ತದಲ್ಲಿ ಒಂದಲ್ಲ ಒಂದು ಆಹಾರದ ವಿರುದ್ಧ ಐಜಿಇ ಇತ್ತು. ತಿಂದರೆ ತೊಂದರೆಯಾಗುವ, ಅಲರ್ಜಿ ಅಂತ ಹೇಳಬಹುದಾದ ಜನ ಎಷ್ಟು ಗೊತ್ತಾ? ಸುಮಾರು 1.2%. ಅಂದರೆ ಸುಮ್ಮನೆ ರಸ್ತೆಯಲ್ಲಿ ಹೋಗುವ ನಾಲ್ವರನ್ನು ನಿಲ್ಲಿಸಿ ರಕ್ತ ತೆಗೆದರೆ ಒಬ್ಬರಿಗೆ ಕೆಂಪಕ್ಷರದ ರಿಪೋರ್ಟು ಕೊಡಬಹುದು. ಅವರಲ್ಲಿ ಬಹುಪಾಲು ಜನ ಅದೇ ಬೇಳೆ, ಅದೇ ಬದನೆಯನ್ನು ಅವತ್ತು ಬೆಳಿಗ್ಗೆಯೂ ತಿಂದು ಬಂದಿರುತ್ತಾರೆ.

ಹೀಗಿರುವಾಗ ಆ ಪ್ಯಾಕೇಜುಗಳನ್ನು ಮನೆಬಾಗಿಲಿಗೆ ತಂದು ಮಾರುವುದು ಯಾಕೆ ಅಂತ ನನಗೆ ಸಿಟ್ಟಿದೆ. ಇರಲಿ.

ಹಾಳೆಯಲ್ಲಿ ಗೆರೆ ಬೀಳದೆ ಉಳಿದಿದ್ದು ಮೂರು: ಗೇರುಬೀಜ, ನೆಲಗಡಲೆ, ಎಳ್ಳು. ಕೊನೆಯ ಎರಡನ್ನು ಪುಟ್ಟಿ ಅಲ್ಲಿಯವರೆಗೆ ತಿಂದೇ ಇರಲಿಲ್ಲ, ಹಾಗಾಗಿ ಕಥೆ ಹೇಳಲು ನಮ್ಮ ಬಳಿ ಏನೂ ಇರಲಿಲ್ಲ. ಇವಕ್ಕೆ ಚರ್ಮದ ಪರೀಕ್ಷೆ ಮಾಡೋಣ ಅಂದರು. ಪಿಸ್ತಾವನ್ನೂ ಅವರೇ ಸೇರಿಸಿದರು. ಗೇರು, ಪಿಸ್ತಾ, ಮಾವು ಮೂರೂ ಒಂದೇ ಕುಟುಂಬದ ಗಿಡಗಳು. ಗೇರುಬೀಜ ಆಗದವರಿಗೆ ಪಿಸ್ತಾವೂ ಆಗದಿರುವುದು ಸಾಮಾನ್ಯ. ಮಾವಿನಹಣ್ಣು? "ತಿಂದಿದಾಳಾ? ಏನಾದ್ರೂ ಆಯ್ತಾ?" ತಿಂದಿದ್ದಳು, ಮೊಣಕೈವರೆಗೆ ರಸ ಸುರಿಸಿಕೊಂಡು. ಏನೂ ಆಗಿರಲಿಲ್ಲ. "ಹಾಗಾದ್ರೆ ತಿನ್ನಲಿ."

ಐದು ದಿನ ತುರಿಕೆ ಔಷಧಿ ಯಾವುದೂ ಕೊಡಬೇಡಿ ಅಂದಿದ್ದರು. ಕೊಟ್ಟರೆ ಚರ್ಮ ಸುಳ್ಳು ಹೇಳುತ್ತದೆ. ಆರನೇ ದಿನ ಹೋದೆವು. ನರ್ಸ್ ಪುಟ್ಟಿಯ ಮುಂಗೈ ಮೇಲೆ ಪೆನ್ನಿನಿಂದ ಅಂಕಿ ಬರೆದರು. ಪ್ರತಿ ಅಂಕಿಯ ಪಕ್ಕ ಒಂದು ಹನಿ. ಪ್ಲಾಸ್ಟಿಕ್ಕಿನ ಪುಟ್ಟ ಮೊನೆಯಿಂದ ಹನಿಯ ಮೂಲಕ ಚರ್ಮವನ್ನು ಒತ್ತಿ ತೆಗೆದರು. ರಕ್ತ ಬರುವುದಿಲ್ಲ. ಒಂದು ಹನಿ ಬರೀ ಉಪ್ಪುನೀರು, ಅದಕ್ಕೆ ಏನೂ ಆಗಬಾರದು. ಇನ್ನೊಂದು ಹಿಸ್ಟಮಿನ್, ಅದಕ್ಕೆ ಉಬ್ಬಲೇಬೇಕು. ಅವೆರಡು ಸಾಕ್ಷಿಗಳು ಸರಿ ಇದ್ದರೆ ಮಾತ್ರ ಉಳಿದವುಗಳ ಮಾತು ನಂಬುವುದು. ಹದಿನೈದು ನಿಮಿಷ ಕೈ ಮುಟ್ಟದಂತೆ ಮಗುವನ್ನು ಹಿಡಿದುಕೊಳ್ಳಬೇಕು. ಜಗತ್ತಿನ ಅತಿ ಉದ್ದದ ಹದಿನೈದು ನಿಮಿಷ. ನಾನು ಆನೆ, ಹುಲಿ, ಕೆಎಸ್ಸಾರ್ಟಿಸಿ ಬಸ್ಸು ಎಲ್ಲ ಆದೆ. ಆಮೇಲೆ ಡಾಕ್ಟರು ಪಾರದರ್ಶಕ ಸ್ಕೇಲು ಇಟ್ಟು ಅಳೆದರು. ಉಪ್ಪುನೀರು ಸೊನ್ನೆ. ಹಿಸ್ಟಮಿನ್ 4 ಮಿಲಿಮೀಟರ್. ಎಳ್ಳು ಸೊನ್ನೆ. ನೆಲಗಡಲೆ 3. ಪಿಸ್ತಾ 7. ಗೇರುಬೀಜ 9, ಅಂಚಿನಲ್ಲಿ ಕಾಲುಗಳು ಚಾಚಿಕೊಂಡು, ಏಡಿಯ ಹಾಗೆ.

ಚರ್ಮ ಹೀಗೆ ಉಬ್ಬುವುದರ ಹಿಂದಿನ ಕಥೆ ನನಗೆ ಬಹಳ ಇಷ್ಟ. 1921ರಲ್ಲಿ ಜರ್ಮನಿಯ ಇಬ್ಬರು ವೈದ್ಯರು, ಪ್ರಾಸ್ನಿಟ್ಸ್ ಮತ್ತು ಕ್ಯೂಸ್ಟ್ನರ್. ಕ್ಯೂಸ್ಟ್ನರ್‌ಗೆ ಮೀನು ಆಗುತ್ತಿರಲಿಲ್ಲ. ಪ್ರಾಸ್ನಿಟ್ಸ್ ಗೆಳೆಯನ ರಕ್ತದ ಸೀರಮ್ಮನ್ನು ತನ್ನ ಹೊಟ್ಟೆಯ ಚರ್ಮಕ್ಕೆ ಚುಚ್ಚಿಕೊಂಡ. ಮರುದಿನ ಅದೇ ಜಾಗಕ್ಕೆ ಮೀನಿನ ಸಾರ ಚುಚ್ಚಿಕೊಂಡ. ಉಬ್ಬಿತು. ಅಂದರೆ ಅಲರ್ಜಿ ರಕ್ತದಲ್ಲಿರುವ ಯಾವುದೋ ಒಂದು ವಸ್ತು, ಒಬ್ಬರಿಂದ ಇನ್ನೊಬ್ಬರಿಗೆ ಸಾಗಿಸಬಹುದಾದದ್ದು. ಆ ವಸ್ತುವಿಗೆ ಐಜಿಇ ಅಂತ ಹೆಸರು ಸಿಗಲು ಇನ್ನೂ ನಾಲ್ಕೂವರೆ ದಶಕ ಬೇಕಾಯಿತು. 1966-67ರ ಹೊತ್ತಿಗೆ ಅಮೆರಿಕದ ಡೆನ್ವರಿನಲ್ಲಿ ಇಶಿಜಾಕಾ ದಂಪತಿ, ಸ್ವೀಡನ್ನಿನಲ್ಲಿ ಯೋಹಾನ್ಸನ್ ಮತ್ತು ಬೆನ್ನಿಕ್ ಅದನ್ನು ಬೇರೆಬೇರೆಯಾಗಿ ಹಿಡಿದರು.

ಊರಿಗೆ ಫೋನ್ ಮಾಡಿ ಅಮ್ಮನಿಗೆ ಹೇಳಿದೆ. ಅಮ್ಮ ಒಪ್ಪಲಿಲ್ಲ.

"ಸೊನೆ ತಾಗಿದ್ರೆ ಎಲ್ಲರಿಗೂ ಆಗ್ತದೆ. ನಾನು ಬೀಜ ಸುಡುವಾಗ ಕೈಯೆಲ್ಲ ಸುಟ್ಟುಕೊಂಡವಳಲ್ವಾ? ಸರಿಯಾಗಿ ಹುರಿದು ಕೊಟ್ರೆ ಎಂತದೂ ಆಗುದಿಲ್ಲ."

ಅಮ್ಮನ ಮಾತಲ್ಲಿ ಅರ್ಧ ನಿಜ ಇತ್ತು. ಮುಂದಿನ ಭೇಟಿಯಲ್ಲಿ ನಾನು ಇದನ್ನೇ ಡಾಕ್ಟರಿಗೆ ಕೇಳಿದೆ. ಅವರಿಗೆ ಖುಷಿಯಾಯಿತು, ಇಂಥ ಪ್ರಶ್ನೆ ಬೆಂಗಳೂರಿನವರು ಕೇಳುವುದಿಲ್ಲವಂತೆ. ಸೊನೆ ಬೇರೆ, ತಿರುಳು ಬೇರೆ ಅಂದರು. ಸಿಪ್ಪೆಯ ಎಣ್ಣೆ ತಾಗಿದರೆ ಕೆಲವರಿಗೆ ಆಗಲೇ ಸುಡುತ್ತದೆ, ಕೆಲವರಿಗೆ ಒಂದೆರಡು ದಿನ ಬಿಟ್ಟು ಗುಳ್ಳೆ ಏಳುತ್ತದೆ. ಅದಕ್ಕೆ ಐಜಿಇ ಬೇಕಾಗಿಲ್ಲ, ಅದು ಚರ್ಮದ ಜಗಳ. ಪುಟ್ಟಿಯದ್ದು ತಿರುಳಿನೊಳಗಿನ ಪ್ರೋಟೀನಿನ ಮೇಲೆ. ಆ ಪ್ರೋಟೀನು ಹುರಿದರೂ ಸಾಯುವುದಿಲ್ಲ, ಪಾಯಸದಲ್ಲಿ ಕುದಿಸಿದರೂ ಸಾಯುವುದಿಲ್ಲ. "ನಿಮ್ಮ ತಾಯಿ ಅಷ್ಟು ಚೆನ್ನಾಗಿ ಹುರಿದಿದ್ರೂ ಆಗಿದ್ದು ಅದಕ್ಕೇ" ಅಂತ ಹೇಳಿ ಅಂದರು. ಹಾಗೇ ಹೇಳಿದೆ. ಹುರಿದದ್ದರಲ್ಲಿ ತಪ್ಪಿರಲಿಲ್ಲ ಅಂತ ಕೇಳಿದ ಮೇಲೆ ಅಮ್ಮ ಒಪ್ಪಿದಳು.

ನೆಲಗಡಲೆ ಮಾತ್ರ ಅಡ್ಡಗೋಡೆ ಮೇಲಿನ ದೀಪವಾಗಿ ಉಳಿದಿತ್ತು. ರಕ್ತದಲ್ಲಿ ಸ್ವಲ್ಪ, ಚರ್ಮದಲ್ಲಿ ಸ್ವಲ್ಪ. ಬೇರೆ ಯಾರೇ ಆಗಿದ್ದರೂ "ಯಾಕೆ ರಿಸ್ಕು, ಬಿಟ್ಟುಬಿಡಿ" ಅನ್ನುತ್ತಿದ್ದರು. ನಾನೂ ಅದನ್ನೇ ಅಂದೆ. ಡಾಕ್ಟರು ಕೇಳಿದರು: "ಎಷ್ಟು ವರ್ಷ ಬಿಡ್ತೀರಿ? ಚಿತ್ರಾನ್ನದಲ್ಲಿ ಇರುತ್ತೆ, ಚಟ್ನಿಪುಡಿಯಲ್ಲಿ ಇರುತ್ತೆ, ಸಂಕ್ರಾಂತಿಗೆ ಯಾರೋ ಎಳ್ಳು-ಬೆಲ್ಲ ಕೊಡ್ತಾರೆ. ಅಲರ್ಜಿ ಇದ್ರೆ ಬಿಡಲೇಬೇಕು. ಇಲ್ಲದೆ ಇರೋದನ್ನ ಯಾಕೆ ಬಿಡಬೇಕು?" ಬೇಡ ಅನ್ನುವುದು ಸುಲಭ, ಡಾಕ್ಟರಿಗೂ ಸುಲಭ, ಅಪ್ಪ-ಅಮ್ಮನಿಗೂ ಸುಲಭ. ಕೊಡಿ ಅನ್ನಬೇಕಾದರೆ ಯಾರಾದರೂ ಒಬ್ಬರು ಪಕ್ಕದಲ್ಲಿ ಕೂರಬೇಕು. ಇವರ ಕೆಲಸದಲ್ಲಿ ಹೆಚ್ಚಿನ ಪಾಲು ಅದೇ ಅಂತ ನನಗೆ ಆ ದಿನ ಕಂಡಿತು.

ಆಸ್ಪತ್ರೆಯಲ್ಲೇ ಅವರ ಕಣ್ಣೆದುರು ನೆಲಗಡಲೆ ತಿನ್ನಿಸಿ ನೋಡುವುದು ಅಂತಾಯಿತು. ಡೇ ಕೇರಿನಲ್ಲಿ ಒಂದು ಹಾಸಿಗೆ. ಪುಟ್ಟಿಗೆ ಆಗ ಎರಡೂವರೆ ವರ್ಷ, 11 ಕಿಲೋ. ಪಕ್ಕದ ಟ್ರೇಯಲ್ಲಿ ಅಡ್ರಿನಲಿನ್ ಆಂಪೂಲು, ಸಿರಿಂಜು, ಒಂದು ಬಿಳಿ ಚೀಟಿ. ಚೀಟಿಯಲ್ಲಿ ದೊಡ್ಡದಾಗಿ '0.11' ಅಂತ ಬರೆದಿತ್ತು. ಕಿಲೋಗೆ 0.01 ಮಿಲಿಗ್ರಾಂ ಲೆಕ್ಕ. ಬೇಕಾದಾಗ ಲೆಕ್ಕ ಹಾಕುತ್ತಾ ಕೂರಬಾರದು ಅಂತ ಮೊದಲೇ ಬರೆದಿಡುತ್ತಾರಂತೆ. ಆ ಚೀಟಿಯಿಂದ ಕಣ್ಣು ಕೀಳಲು ನನಗೆ ಆಗಲಿಲ್ಲ.

ಮೊದಲ ಸಲ ಸಾಸಿವೆ ಕಾಳಿನಷ್ಟು ನೆಲಗಡಲೆ ಬೆಣ್ಣೆ, ಬಾಳೆಹಣ್ಣಿನಲ್ಲಿ ಕಲಸಿ. ಇಪ್ಪತ್ತು ನಿಮಿಷ ಕಾಯುವುದು. ನರ್ಸ್ ಬಂದು ನಾಡಿ ನೋಡಿದರು, ಅಂಗಿ ಎತ್ತಿ ಹೊಟ್ಟೆ-ಬೆನ್ನು ನೋಡಿದರು, ಎದೆಗೆ ಸ್ಟೆತಾಸ್ಕೋಪ್ ಇಟ್ಟರು. ಮತ್ತೆ ಅದರ ಮೂರರಷ್ಟು. ಮತ್ತೆ ಇಪ್ಪತ್ತು ನಿಮಿಷ. ಪುಟ್ಟಿಗೆ ರುಚಿ ಹಿಡಿಸಿಬಿಟ್ಟಿತು, "ಮತ್ತೆ ಕೊಡಿ" ಅಂತ ಬಟ್ಟಲು ತಟ್ಟತೊಡಗಿದಳು. ನಾಲ್ಕನೇ ಸಲಕ್ಕೆ ತುಟಿಯ ಬದಿಯಲ್ಲಿ ಎರಡು ಕೆಂಪು ಚುಕ್ಕಿ. ನನ್ನ ಹೆಂಡತಿ ಎದ್ದು ನಿಂತಳು. ಡಾಕ್ಟರು ಬಂದು, ಒದ್ದೆ ಬಟ್ಟೆಯಲ್ಲಿ ಮಗುವಿನ ಬಾಯಿ ಒರೆಸಿ, ಮಂಚದ ಅಂಚಿಗೆ ಕೂತರು. ಏನೂ ಮಾತಾಡಲಿಲ್ಲ. ಪುಟ್ಟಿ ಬಿಡಿಸಿದ್ದ ಚಿತ್ರ ನೋಡಿ "ಇದು ದನವಾ ನಾಯಿಯಾ?" ಅಂತ ಕೇಳಿದರು. "ಅಜ್ಜಿ" ಅಂದಳು ಪುಟ್ಟಿ. ಹತ್ತು ನಿಮಿಷದಲ್ಲಿ ಚುಕ್ಕಿ ಮಾಯ. ಹೊರಗಿನಿಂದ ತಾಗಿದ್ದು ಅಷ್ಟೇ. "ಮುಂದಿನದು ಕೊಡಿ" ಅಂದರು.

ಆ ಹತ್ತು ನಿಮಿಷ ಸುಮ್ಮನೆ ಕೂರುವುದು ಇದೆಯಲ್ಲ, ಅದನ್ನು ಯಾವ ಯಂತ್ರ ಮಾಡುತ್ತದೆ?

ಪಕ್ಕದ ಹಾಸಿಗೆಯಲ್ಲಿ ಏಳೆಂಟು ವರ್ಷದ ಹುಡುಗ. ಕೈಗೆ ಡ್ರಿಪ್, ಮೊಬೈಲಲ್ಲಿ ಕ್ರಿಕೆಟ್. ಅವನದ್ದು ಯಾವ ಅಲರ್ಜಿ ಅಂತ ಕೇಳಿದೆ. ಅವನ ತಾಯಿ ನಕ್ಕರು. "ಅಲರ್ಜಿ ಅಲ್ರೀ. ಇವನ ಮೈಯಾಗ ರೋಗ ತಡಿಯೋ ಶಕ್ತೀನ ಇಲ್ಲ. ನಾಲ್ಕು ವಾರಕ್ಕೊಮ್ಮೆ ಬಂದು ಈ ಬಾಟ್ಲಿ ಏರಿಸ್ಕೊಂಡು ಹೋಗ್ತೀವ್ರಿ."

ಹುಟ್ಟಿನಿಂದ ಆರು ತಿಂಗಳು ಚೆನ್ನಾಗಿದ್ದನಂತೆ. ತಾಯಿಯಿಂದ ಬಂದ ಪ್ರತಿಕಾಯಗಳು ಇರುವವರೆಗೆ. ಆಮೇಲೆ ಕಿವಿ ಸೋರುವುದು, ಕೆಮ್ಮು, ನ್ಯುಮೋನಿಯಾ. ನಾಲ್ಕು ವರ್ಷದೊಳಗೆ ಐದು ಸಲ ಆಸ್ಪತ್ರೆ. ಪ್ರತಿ ಸಲವೂ ಔಷಧಿ ಕೊಟ್ಟು ಗುಣ ಮಾಡಿ ಕಳಿಸಿದರು. ಯಾಕೆ ಮತ್ತೆಮತ್ತೆ ಬರುತ್ತಿದೆ ಅಂತ ಯಾರೂ ಕೇಳಲಿಲ್ಲ. ಇಲ್ಲಿಗೆ ಬಂದ ದಿನ ಈ ಡಾಕ್ಟರು ಅವನ ಬಾಯಿ ತೆರೆಸಿ ಟಾರ್ಚ್ ಹಾಕಿ ಬಹಳ ಹೊತ್ತು ನೋಡಿದರಂತೆ. ಗಂಟಲಲ್ಲಿ ಟಾನ್ಸಿಲ್ಲೇ ಕಾಣಲಿಲ್ಲ. ಆಮೇಲೆ ತಾಯಿಯ ಕಡೆ ತಿರುಗಿ ಕೇಳಿದ್ದು ಒಂದು ಪ್ರಶ್ನೆ: "ನಿಮ್ಮ ಅಣ್ಣತಮ್ಮಂದಿರು ಯಾರಾದ್ರೂ ಚಿಕ್ಕ ವಯಸ್ಸಲ್ಲೇ ಹೋಗಿದಾರಾ?"

"ನಮ್ಮಣ್ಣ ಹೋಗ್ಯಾನ್ರಿ, ಮೂರು ವರ್ಷದಾಂವ ಇದ್ದಾಗ. ಅದನ್ನ ಯಾರೂ ಕೇಳಿರ್ಲಿಲ್ಲ ನೋಡ್ರಿ ನನಗ" ಅಂದರು ಆ ತಾಯಿ.

ತಾಯಿಯ ಕಡೆಯಿಂದ ಗಂಡುಮಕ್ಕಳಿಗೆ ಬರುವ ಕಾಯಿಲೆ. ಇದನ್ನು ಮೊದಲು ಬರೆದಿಟ್ಟವರು ಅಮೆರಿಕದ ಸೇನೆಯ ಮಕ್ಕಳ ವೈದ್ಯ ಆಗ್ಡನ್ ಬ್ರೂಟನ್, 1952ರಲ್ಲಿ. ಅವರ ರೋಗಿಯೂ ಎಂಟು ವರ್ಷದ ಹುಡುಗ. ರಕ್ತ ಪರೀಕ್ಷೆಯಲ್ಲಿ ಗಾಮಾ ಗ್ಲಾಬ್ಯುಲಿನ್, ಅಂದರೆ ಪ್ರತಿಕಾಯಗಳು, ಇರಬೇಕಾದ ಜಾಗ ಖಾಲಿ. ಇಲ್ಲದ್ದನ್ನು ಹೊರಗಿನಿಂದ ಕೊಟ್ಟು ನೋಡಿದರು, ಹುಡುಗ ಸುಧಾರಿಸಿದ. ಇವತ್ತಿಗೂ ಚಿಕಿತ್ಸೆಯ ತಿರುಳು ಅದೇ. ಆ ಬಾಟಲಿಯಲ್ಲಿರುವುದು ಸಾವಿರಾರು ಜನ ದಾನ ಕೊಟ್ಟ ರಕ್ತದ ಪ್ಲಾಸ್ಮಾದಿಂದ ತೆಗೆದ ಪ್ರತಿಕಾಯಗಳು. ಗುರುತು ಪರಿಚಯ ಇಲ್ಲದ ಅಷ್ಟು ಜನ ನಾಲ್ಕು ವಾರಕ್ಕೊಮ್ಮೆ ಹನಿಹನಿಯಾಗಿ ಆ ಹುಡುಗನೊಳಗೆ ಇಳಿಯುತ್ತಿದ್ದರು. ಅವನು ಮಾತ್ರ "ಏ, ಔಟಾದ" ಅಂತ ಮೊಬೈಲಿಗೆ ಬೈಯುತ್ತಿದ್ದ.

ಒಬ್ಬಳಿಗೆ ಬೇಡದ ಜಗಳ, ಇನ್ನೊಬ್ಬನಿಗೆ ಜಗಳವಾಡಲು ಆಳೇ ಇಲ್ಲ. ಎರಡೂ ಒಂದೇ ಡಾಕ್ಟರ ಬಾಗಿಲಿಗೆ ಯಾಕೆ ಬರಬೇಕು ಅಂತ ನನಗೆ ವಿಚಿತ್ರ ಅನ್ನಿಸಿತ್ತು. 'ಅಲರ್ಜಿ' ಅನ್ನುವ ಶಬ್ದ ಹುಟ್ಟಿದ್ದೇ ಆ ಬಾಗಿಲಲ್ಲಿ ಅಂತ ಆಮೇಲೆ ತಿಳಿಯಿತು. ವಿಯೆನ್ನಾದ ಕ್ಲೆಮೆನ್ಸ್ ಫಾನ್ ಪಿರ್ಕೆ 1906ರಲ್ಲಿ ಅದನ್ನು ಟಂಕಿಸಿದ. ಅವನೂ ಮಕ್ಕಳ ಡಾಕ್ಟರೇ. ಗಂಟಲಮಾರಿಗೆ, ಅಂದರೆ ಡಿಫ್ತೀರಿಯಾಕ್ಕೆ, ಆಗ ಕುದುರೆಯ ಸೀರಮ್ ಚುಚ್ಚುತ್ತಿದ್ದರು. ಎರಡನೇ ಸಲ ಚುಚ್ಚಿಸಿಕೊಂಡ ಮಕ್ಕಳಿಗೆ ಜ್ವರ, ದದ್ದು ಬೇಗ ಬರುವುದನ್ನು ಅವನೂ ಅವನ ಸಹೋದ್ಯೋಗಿ ಬೇಲಾ ಶಿಕ್ಕೂ ಗಮನಿಸಿದರು. ಕಾಪಾಡುವುದೂ ಕಾಡುವುದೂ ಒಂದೇ ವ್ಯವಸ್ಥೆ, ಒಮ್ಮೆ ಭೇಟಿಯಾದದ್ದನ್ನು ಮೈ ಮರೆಯುವುದಿಲ್ಲ, ಎರಡನೇ ಸಲ ಬೇರೆ ಥರ ನಡೆದುಕೊಳ್ಳುತ್ತದೆ. ಆ ಬದಲಾದ ನಡತೆಗೆ ಅವನಿಟ್ಟ ಹೆಸರು ಅಲರ್ಜಿ. ನಾವು ಕಾಡುವ ಅರ್ಧವನ್ನು ಮಾತ್ರ ಉಳಿಸಿಕೊಂಡೆವು.

ಪುಟ್ಟಿ ಎಲ್ಲ ಪ್ರಮಾಣವನ್ನೂ ತಿಂದು ಮುಗಿಸಿದಳು. ಎರಡು ಗಂಟೆ ಕೂರಿಸಿದರು. ಏನೂ ಆಗಲಿಲ್ಲ. ಫೈಲಿನಲ್ಲಿ ನೆಲಗಡಲೆಯ ಮೇಲೂ ಗೆರೆ ಬಿತ್ತು. ಆದರೆ ಒಂದು ಷರತ್ತು: ಇನ್ನು ಮೇಲೆ ವಾರಕ್ಕೆ ಎರಡು ಮೂರು ಸಲ ಕೊಡುತ್ತಲೇ ಇರಬೇಕು. ಇಡಿಯಾಗಿ ಅಲ್ಲ, ಪುಡಿ ಮಾಡಿ. ಚಿಕ್ಕ ಮಕ್ಕಳಿಗೆ ಇಡೀ ಕಾಳು ಗಂಟಲಿಗೆ ಸಿಕ್ಕಿಬಿಡುತ್ತದೆ.

ಗೇರುಬೀಜಕ್ಕೆ ಗೆರೆ ಬೀಳಲಿಲ್ಲ. ಅದಕ್ಕೆ ನಮಗೆ ಸಿಕ್ಕಿದ್ದು ಒಂದು ಪುಟ್ಟ ಡಬ್ಬಿ, ಜೊತೆಗೆ ಒಂದು ತರಬೇತಿ. ವಿದೇಶದಲ್ಲಾದರೆ ಇದಕ್ಕೆ ಪೆನ್ನಿನಂಥ ಸಾಧನ ಇದೆ, ತೊಡೆಗೆ ಒತ್ತಿದರೆ ಮುಗಿಯಿತು. ಆಗ ನಾವು ಸುತ್ತಿದ ಯಾವ ಮೆಡಿಕಲ್ ಶಾಪಿನಲ್ಲೂ ಅದು ಸಿಗಲಿಲ್ಲ. ಹಾಗಾಗಿ ಆಂಪೂಲು, 1 ಮಿಲಿಯ ಸಿರಿಂಜು, ಸೂಜಿ. ನಮ್ಮಿಬ್ಬರಿಂದ ನೀರಿನ ಆಂಪೂಲು ಒಡೆಸಿ, ಗೆರೆಯವರೆಗೆ ಎಳೆಸಿ, ಮೂಸಂಬಿಗೆ ಚುಚ್ಚಿಸಿದರು. ನಾನು ಬೆರಳು ಕುಯ್ದುಕೊಂಡೆ. ರಜೆಗೆ ಊರಿಗೆ ಹೋದಾಗ ಅಮ್ಮನಿಗೂ ಕಲಿಸಿ ಅಂದಿದ್ದರು. ಕಲಿಸಿದೆ. ಸೂಜಿ ಕಂಡರೆ ದೂರ ಓಡುವ ಅಮ್ಮ ಒಂದೇ ಸಲಕ್ಕೆ ಟಕ್ ಅಂತ ಆಂಪೂಲಿನ ಕುತ್ತಿಗೆ ಮುರಿದಳು. ಗೆರೆಗೆ ಸರಿಯಾಗಿ ನಿಲ್ಲಿಸಿದಳು. ನಲವತ್ತು ವರ್ಷ ಮಲ್ಲಿಗೆ ಕಟ್ಟಿದ ಕೈ.

"ಅಂವ ಮೂರು ಒಡೆದು ಹಾಳು ಮಾಡಿದ" ಅಂತ ಈಗಲೂ ಬಂದವರಿಗೆಲ್ಲ ಹೇಳುತ್ತಾಳೆ.

ಮಗ ಹುಟ್ಟಿದಾಗ ಮತ್ತೆ ಅದೇ ಕೋಣೆಗೆ ಹೋದೆವು. ಇವನಿಗೆ ನೆಲಗಡಲೆ ಮೂರು ವರ್ಷ ಮುಟ್ಟಿಸುವುದೇ ಬೇಡ ಅಲ್ವಾ ಅಂತ ಕೇಳಿದೆ. ಡಾಕ್ಟರು ತಲೆ ಅಲ್ಲಾಡಿಸಿದರು. "ಒಂದು ಕಾಲದಲ್ಲಿ ನಾವೇ ಹಾಗೆ ಹೇಳ್ತಿದ್ವಿ. ತಪ್ಪು ಹೇಳಿದ್ವಿ."

ಅವರು ಹೇಳಿದ್ದು ಹೀಗೆ. 2000ದಲ್ಲಿ ಅಮೆರಿಕದ ಮಕ್ಕಳ ವೈದ್ಯರ ಸಂಘ, ಅಲರ್ಜಿ ಬರುವ ಸಾಧ್ಯತೆ ಹೆಚ್ಚಿರುವ ಮಕ್ಕಳಿಗೆ ಮೂರು ವರ್ಷದವರೆಗೆ ನೆಲಗಡಲೆ ಬೇಡ ಅಂದಿತ್ತು. ಅಲರ್ಜಿ ಕಡಿಮೆಯಾಗಲಿಲ್ಲ. 2008ರಲ್ಲಿ ಆ ಸಲಹೆ ಹಿಂದೆ ಹೋಯಿತು. ಅದೇ ವರ್ಷ ಲಂಡನ್ನಿನ ಗಿಡಿಯನ್ ಲ್ಯಾಕ್ ತಂಡದವರು ಬ್ರಿಟನ್ನಿನ ಯಹೂದಿ ಮಕ್ಕಳನ್ನೂ ಇಸ್ರೇಲಿನ ಮಕ್ಕಳನ್ನೂ ಹೋಲಿಸಿ ನೋಡಿದರು. ಬ್ರಿಟನ್ನಿನಲ್ಲಿ ನೆಲಗಡಲೆ ಅಲರ್ಜಿ ಸುಮಾರು ಹತ್ತು ಪಟ್ಟು ಜಾಸ್ತಿ. ಇಸ್ರೇಲಿನಲ್ಲಿ ವರ್ಷ ತುಂಬುವ ಮೊದಲೇ ಕೂಸುಗಳ ಕೈಗೆ ಬಾಂಬಾ ಅನ್ನುವ ನೆಲಗಡಲೆಯ ಕುರುಕಲು ಕೊಡುತ್ತಾರೆ. ಹಾಗಾದರೆ ಬೇಗ ಕೊಟ್ಟರೆ ಒಳ್ಳೆಯದಾ? 640 ಕೂಸುಗಳ ಮೇಲೆ ಪರೀಕ್ಷೆ ನಡೆಯಿತು, ಫಲಿತಾಂಶ 2015ರಲ್ಲಿ ಬಂತು. ಐದು ವರ್ಷ ತುಂಬುವ ಹೊತ್ತಿಗೆ ನೆಲಗಡಲೆ ಬಿಟ್ಟವರಲ್ಲಿ 17.2% ಮಕ್ಕಳಿಗೆ ಅಲರ್ಜಿ. ತಿಂದವರಲ್ಲಿ 3.2%.

ವೈದ್ಯರೊಬ್ಬರ ಬಾಯಲ್ಲಿ "ತಪ್ಪು ಹೇಳಿದ್ವಿ" ಅಂತ ಕೇಳಿದ್ದು ನನಗೆ ಅದೇ ಮೊದಲು. ನಂಬಿಕೆ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ. ಮಗನಿಗೆ ಆರು ತಿಂಗಳಾಗುತ್ತಲೇ ರಾಗಿ ಮಣ್ಣಿಯಲ್ಲಿ ನೆಲಗಡಲೆ ಪುಡಿ ಕಲಸಿ ತಿನ್ನಿಸಿದೆವು. ಅವನಿಗೆ ಯಾವ ಅಲರ್ಜಿಯೂ ಇಲ್ಲ. ಈಗ ಅಕ್ಕನ ಮೇಲೆ ಕಾವಲುಗಾರಿಕೆ ಮಾಡುತ್ತಾನೆ, ಅದೊಂದು ದೊಡ್ಡ ಉಪದ್ರವ.

ಪುಟ್ಟಿಗೆ ಈಗ ಒಂಬತ್ತು. ವರ್ಷಕ್ಕೊಮ್ಮೆ ಹನಿ, ಮೊನೆ, ಸ್ಕೇಲು. ಹಾಲು, ಮೊಟ್ಟೆಯ ಅಲರ್ಜಿ ಬಹಳಷ್ಟು ಮಕ್ಕಳಿಗೆ ಬೆಳೆಯುತ್ತಾ ಹೋಗಿಬಿಡುತ್ತದೆ. ಗೇರುಬೀಜದಂಥದ್ದು ಸುಲಭಕ್ಕೆ ಹೋಗುವುದಿಲ್ಲ. ಪ್ಯಾಕೆಟ್ಟಿನ ತಿಂಡಿಯಾದರೆ ಹಿಂಬದಿ ಓದಿಕೊಳ್ಳುತ್ತಾಳೆ, ಹಾಲು, ಮೊಟ್ಟೆ, ನೆಲಗಡಲೆ, ಬೀಜಗಳು ಇದ್ದರೆ ಬರೆಯಲೇಬೇಕು ಅಂತ ನಮ್ಮಲ್ಲಿ ಈಗ ನಿಯಮ ಇದೆ. ಮದುವೆ ಊಟಕ್ಕೆ ಹಿಂಬದಿ ಇಲ್ಲ.

ಕಳೆದ ಮೇ ತಿಂಗಳಲ್ಲಿ ಊರಲ್ಲಿ ಚಿಕ್ಕಪ್ಪನ ಮಗಳ ಮದುವೆ. ಪಂಕ್ತಿಯಲ್ಲಿ ಪುಟ್ಟಿ ನನ್ನ ಪಕ್ಕ ಕೂತಿದ್ದಳು. ತೊಂಡೆಕಾಯಿ ಪಲ್ಯದವರು ಬಂದರು. ಅವಳು ಬಾಳೆಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದಳು.

"ಬೀಜ ಉಂಟಾ ಇದರಲ್ಲಿ?"

"ಧಾರಾಳ ಉಂಟು ಮಗಾ!" ಅಂದರು ಅವರು ಹೆಮ್ಮೆಯಿಂದ.

"ನಂಗೆ ಆಗುದಿಲ್ಲ. ಬೇಡ."

"ಬೀಜ ತೆಗ್ದು ಬರೀ ತೊಂಡೆಕಾಯಿ ಹಾಕ್ತೇನೆ, ಎಂತದೂ ಆಗುದಿಲ್ಲ."

"ತೆಗ್ದರೂ ಆಗುದಿಲ್ಲ. ಆ ಸೌಟಿನಲ್ಲಿ ಬೇರೆ ಎಂತದೂ ಹಾಕ್ಬೇಡಿ."

ಬಡಿಸುವವರು ನನ್ನ ಮುಖ ನೋಡಿದರು. ನಾನು ಉಪ್ಪಿನಕಾಯಿ ನೋಡುತ್ತಿದ್ದೆ. ಎದುರು ಸಾಲಿನಲ್ಲಿ ಅಮ್ಮ, ಮಡಿಲಲ್ಲಿ ಆ ಡಬ್ಬಿ ಇರುವ ಕೈಚೀಲ. ಅವಳ ಕಣ್ಣು ಮೊಮ್ಮಗಳ ಎಲೆಯ ಮೇಲೆಯೇ ಇತ್ತು. ಪಲ್ಯ ಮುಂದೆ ಹೋಯಿತು. ಹಿಂದೆಯೇ ಅನ್ನದವರು ಬಂದರು. ಪುಟ್ಟಿ ಕೈ ತೆಗೆದು ಎಲೆ ಖಾಲಿ ಮಾಡಿಕೊಟ್ಟಳು. ಒಂದು ಸೌಟು ಹಾಕಿಸಿಕೊಂಡಳು, ಸಾರು ಬರುವಷ್ಟರಲ್ಲಿ ಇನ್ನೊಂದು ಸೌಟು.